ಬಂಗಲೆಯಲ್ಲಿ ಬಚ್ಚಿಟ್ಟ ಮಗು

(ಸಾಹಿತ್ಯಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಾಹಿತ್ಯ, ಸಂಸ್ಕೃತಿಗಳ ಮಾತು ನಡೆಯುವ ಸಭೆಯಲ್ಲಿ ಕಂಪ್ಯೂಟರ್ ಆಟದ ವಿಚಾರ ಎತ್ತುವುದು ಕೆಲವರಿಗೆ ಹುಡುಗಾಟವಾಗಿ ತೋರಬಹುದು. ಒಂದು ಕಾಲಕ್ಕೆ ಕಾದಂಬರಿಯನ್ನು, ಆಮೇಲೆ ಸಿನಿಮಾವನ್ನು ಹಿರಿಯರು ಹೀಗೆಯೇ ಬದಿಗೆ ಸರಿಸಿದ್ದುಂಟು. ಜನ ತಮ್ಮ ಬಿಡುವಿನ ವೇಳೆಯನ್ನು ಯಾವ ಕತೆಗೆ ಕೊಡುತ್ತಾರೋ ಆ ಕತೆಯನ್ನು ಪರೀಕ್ಷಿಸಿ ನೋಡುವುದು ವಿಮರ್ಶೆಯ ಕೆಲಸವೇ. ಆದ್ದರಿಂದ ಇಂದು ಒಂದು ಸಣ್ಣ ಆಟವನ್ನು ಎದುರಿಗಿಟ್ಟುಕೊಂಡು ಒಂದು ಹಳೆಯ ಪ್ರಶ್ನೆ ಕೇಳೋಣ: ದೆವ್ವದ ಬಂಗಲೆಯ ಕತೆ ಇನ್ನೂರೈವತ್ತು ವರ್ಷಗಳಿಂದ ಏಕೆ ಸವೆಯದೆ ಉಳಿದಿದೆ?

ಆಟದ ಹೆಸರು 'ಫೈವ್ ಡೇಸ್ ಎ ಸ್ಟ್ರೇಂಜರ್'. 'ಐದು ದಿನದ ಅಪರಿಚಿತ' ಎಂದು ನಾವು ಹೇಳಿಕೊಳ್ಳಬಹುದು. 2003ರಲ್ಲಿ ಇದನ್ನು ರಚಿಸಿದವರು ಬೆನ್ ಕ್ರೋಶಾ ಎಂಬ ಇಂಗ್ಲೆಂಡ್ ಮೂಲದ ತರುಣ. ಆಗ ಅವರಿಗೆ ಇಪ್ಪತ್ತು ವರ್ಷ. ಮುಂದೆ ಆಟಗಳ ಹರಿತ ನಾಲಗೆಯ ವಿಮರ್ಶಕರೆಂದು ಅವರು ಹೆಸರಾದರು. ಈ ಆಟದ ಹಿಂದೆ ದೊಡ್ಡ ಕಂಪನಿಯಿಲ್ಲ, ಬಂಡವಾಳವಿಲ್ಲ. ಕತೆ, ಚಿತ್ರ, ಸಂಭಾಷಣೆ ಎಲ್ಲದರ ಬಹುಪಾಲು ಕೆಲಸ ಒಬ್ಬರದೇ. ಕ್ರಿಸ್ ಜೋನ್ಸ್ ಎಂಬುವರು 1997ರಲ್ಲಿ ರೂಪಿಸಿದ, ಮುಂದೆ 'ಅಡ್ವೆಂಚರ್ ಗೇಮ್ ಸ್ಟುಡಿಯೋ' ಎಂದು ಹೆಸರಾದ ಸಾಧನವನ್ನು ಬಳಸಿ ತಯಾರಾದ ಈ ಆಟವನ್ನು ಜನರಿಗೆ ಉಚಿತವಾಗಿ ಹಂಚಲಾಯಿತು. ಹೀಗೆ ಸ್ವಂತ ಶ್ರಮದಿಂದ ಮಾಡಿದ ಆಟಗಳಿಗೆ 'ಇಂಡೀ' ಎಂದು ಹೆಸರು. ಸ್ವತಂತ್ರ ತಯಾರಿಕೆ ಎಂದು ಅರ್ಥ.

ಕತೆ ಹೀಗಿದೆ. ಟ್ರಿಲ್ಬಿ ಎಂಬ ನಾಜೂಕಿನ ಕಳ್ಳನೊಬ್ಬ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿರುವ ಡಿಫೋ ಮನೆತನದ ಪಾಳುಬಿದ್ದ ಬಂಗಲೆಗೆ ಕಿಟಕಿಯ ಮೂಲಕ ನುಗ್ಗುತ್ತಾನೆ. ಮೈಮೇಲೆ ಸೂಟು, ತಲೆಗೆ ಟೋಪಿ, ಕೈಯಲ್ಲಿ ಕೊಕ್ಕೆಯಾಗಿಯೂ ಬಳಕೆಗೆ ಬರುವ ಕೊಡೆ. ಬೆಲೆಬಾಳುವುದೇನಾದರೂ ಸಿಕ್ಕರೆ ಕದ್ದು ಹೊರಡುವುದು ಅವನ ಲೆಕ್ಕ. ಆದರೆ ಒಳಗೆ ಬಂದ ಮೇಲೆ ಹೊರಗೆ ಹೋಗಲಾಗುವುದಿಲ್ಲ. ಕಾಣದ ಯಾವುದೋ ಶಕ್ತಿ ಬಾಗಿಲು, ಕಿಟಕಿಗಳನ್ನು ಹಿಡಿದಿಟ್ಟಿದೆ. ಅವನಂತೆಯೇ ಸಿಕ್ಕಿಬಿದ್ದ ಇನ್ನೂ ಕೆಲವರು ಅಲ್ಲಿದ್ದಾರೆ. ವೆಲ್ಡಿಂಗ್ ಮಾಡುವವರು ತೊಡುವ ಮುಖಕವಚ, ಏಪ್ರನ್ ಧರಿಸಿ ಮಚ್ಚು ಹಿಡಿದ ಆಕೃತಿಯೊಂದು ಇವರನ್ನು ಬೇಟೆಯಾಡುತ್ತದೆ. ಅದು ಹೊರಗಿನವನಲ್ಲ. ಮನೆಯ ಪ್ರೇತ ಅಲ್ಲಿರುವವರಲ್ಲೇ ಒಬ್ಬರ ಮೈಮೇಲೆ ಬಂದು ಕೊಲೆ ಮಾಡಿಸುತ್ತದೆ. ಹಾಗಾಗಿ ಯಾರೂ ಯಾರನ್ನೂ ನಂಬುವಂತಿಲ್ಲ. ಆಟಗಾರ ತಾನೇ ನಡೆಸುತ್ತಿರುವ ಟ್ರಿಲ್ಬಿಯನ್ನು ಕೂಡ.

ಇಂಥದಕ್ಕೆ 'ಸಾಹಸ ಆಟ' ಎನ್ನುತ್ತಾರೆ. ಹೆಸರು ಸಾಹಸದ್ದಾದರೂ ಇಲ್ಲಿ ಬಂದೂಕಿಗಿಂತ ಬುದ್ಧಿಗೆ ಕೆಲಸ ಹೆಚ್ಚು. ಪರದೆಯ ಮೇಲೆ ಒಂದು ಕೋಣೆ ಕಾಣುತ್ತದೆ. ಮೌಸಿನಿಂದ ಕಪಾಟು ತೆರೆಯಬೇಕು, ಪುಸ್ತಕ ಓದಬೇಕು, ಎದುರಿಗಿರುವವರನ್ನು ಮಾತಾಡಿಸಬೇಕು. ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಂಡು ಅದನ್ನು ಎಲ್ಲಿ ಬಳಸಬೇಕೆಂದು ಊಹಿಸಬೇಕು. ಹೀಗೆ ಕೋಣೆಯಿಂದ ಕೋಣೆಗೆ ಅಲೆಯುತ್ತ ಟ್ರಿಲ್ಬಿ ಮನೆತನದ ಚರಿತ್ರೆಯನ್ನು ಹೊರತೆಗೆಯುತ್ತಾನೆ. ಹಿಂದೆ ಈ ಮನೆಯ ಯಜಮಾನನಾಗಿದ್ದವನು ಸರ್ ರಾಡರಿಕ್ ಡಿಫೋ. ಹೆರಿಗೆಯಲ್ಲಿ ಅವನ ಹೆಂಡತಿ ಅವಳಿ ಮಕ್ಕಳನ್ನು ಹೆತ್ತು ತೀರಿಕೊಂಡಳು. ಒಂದು ಮಗು ಸುರೂಪಿ. ಇನ್ನೊಂದು, ಜಾನ್, ವಿಕಲಾಂಗ. ಹೆಂಡತಿಯ ಸಾವಿಗೆ ಈ ಮಗುವೇ ಕಾರಣವೆಂದು ತಂದೆ ಅದನ್ನು ಕೂಡಿಹಾಕಿ ಹಿಂಸಿಸಿದ. ಲೋಕಕ್ಕೆ ಆ ಮಗು ಇದೆಯೆಂದೇ ತಿಳಿಯಲಿಲ್ಲ. ಬಂಗಲೆಯ ದೆವ್ವವೆಂದರೆ ಆ ಜಾನ್.

ಇಲ್ಲಿಗೆ ನಮ್ಮ ಪ್ರಶ್ನೆಗೆ ಬರೋಣ. ದೆವ್ವಕ್ಕೆ ಇರಲು ಬಂಗಲೆಯೇ ಏಕೆ ಬೇಕು?

ಈ ಪರಂಪರೆಯ ಮೂಲ ಕೃತಿ ಹೊರೇಸ್ ವಾಲ್‌ಪೋಲ್ ಬರೆದ 'ದಿ ಕ್ಯಾಸಲ್ ಆಫ್ ಒಟ್ರಾಂಟೊ'. 1764ರಲ್ಲಿ ಪ್ರಕಟವಾದಾಗ ಅದರ ಮೇಲೆ ವಾಲ್‌ಪೋಲನ ಹೆಸರಿರಲಿಲ್ಲ. ಹಳೆಯ ಇಟಾಲಿಯನ್ ಗ್ರಂಥವೊಂದರ ಅನುವಾದ ಎಂದು ಹೇಳಲಾಗಿತ್ತು. ಮರುವರ್ಷದ ಎರಡನೆಯ ಮುದ್ರಣದಲ್ಲಿ ವಾಲ್‌ಪೋಲ್ ಅದು ತನ್ನದೇ ರಚನೆಯೆಂದು ಒಪ್ಪಿಕೊಂಡು, ಅದನ್ನು 'ಗಾಥಿಕ್ ಕತೆ' ಎಂದು ಕರೆದ. ಗಾಥಿಕ್ ಎಂಬ ಸಾಹಿತ್ಯ ಪ್ರಕಾರ ಅಲ್ಲಿಂದ ಮೊದಲಾಯಿತು. ಕತೆಯಲ್ಲಿ ಮದುವೆಯ ದಿನವೇ ಆಕಾಶದಿಂದ ಬಿದ್ದ ದೈತ್ಯ ಶಿರಸ್ತ್ರಾಣದ ಅಡಿ ಸಿಕ್ಕು ರಾಜಕುಮಾರ ಸಾಯುತ್ತಾನೆ. ಇಂಥ ಅದ್ಭುತಗಳ ಹಿಂದಿನ ಸತ್ಯ ಬಹಳ ಲೌಕಿಕವಾದದ್ದು. ಆ ಕೋಟೆ ಈಗಿನ ಒಡೆಯನ ಪೂರ್ವಿಕರಿಗೆ ನ್ಯಾಯವಾಗಿ ಬಂದುದಲ್ಲ; ನಿಜವಾದ ಒಡೆಯನಿಗೆ ವಿಷವಿಕ್ಕಿ ಕಸಿದುಕೊಂಡದ್ದು. ಅಂದರೆ ದೆವ್ವದ ಮನೆಯ ಮೊದಲ ಕತೆಯಲ್ಲೇ ದೆವ್ವ ಆಸ್ತಿಯ ಲೆಕ್ಕ ಕೇಳಲು ಬಂದಿತ್ತು.

1847ರಲ್ಲಿ ಶಾರ್ಲೆಟ್ ಬ್ರಾಂಟೆ ತನ್ನ 'ಜೇನ್ ಐರ್' ಕಾದಂಬರಿಯಲ್ಲಿ ಈ ಕತೆಯನ್ನು ಇನ್ನೂ ಹತ್ತಿರ ತಂದಳು. ಥಾರ್ನ್‌ಫೀಲ್ಡ್ ಬಂಗಲೆಯ ಮೇಲಂತಸ್ತಿನಿಂದ ರಾತ್ರಿ ವಿಚಿತ್ರ ನಗು ಕೇಳಿಸುತ್ತದೆ. ಅಲ್ಲಿರುವುದು ದೆವ್ವವಲ್ಲ. ಜಮೈಕಾದಿಂದ ಮದುವೆಯಾಗಿ ಬಂದು, ಹುಚ್ಚಿಯೆಂದು ಬೀಗದೊಳಗೆ ಸೇರಿದ ಯಜಮಾನನ ಹೆಂಡತಿ ಬರ್ತಾ. ಅವಳ ಬಾಯಿಂದ ಆ ಕತೆ ಕೇಳಲು ಓದುಗರು ನೂರು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ವೆಸ್ಟ್ ಇಂಡೀಸಿನ ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್ 1966ರಲ್ಲಿ 'ವೈಡ್ ಸರ್ಗಾಸೊ ಸೀ' ಬರೆದು ಅವಳಿಗೆ ದನಿ ಕೊಟ್ಟಳು.

ಮನಶ್ಶಾಸ್ತ್ರಜ್ಞ ಸಿಗ್ಮಂಡ್ ಫ್ರಾಯ್ಡ್ 1919ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ಬಗೆಯ ಭಯವನ್ನು ಚರ್ಚಿಸಿದ್ದಾನೆ. ಜರ್ಮನ್ ಭಾಷೆಯ 'ಹೈಮ್‌ಲಿಶ್' ಎಂಬ ಪದಕ್ಕೆ ಮನೆಯಂತೆ ಹಿತವಾದದ್ದು, ಪರಿಚಿತವಾದದ್ದು ಎಂದು ಒಂದು ಅರ್ಥ. ಗುಟ್ಟಾಗಿ ಇಟ್ಟದ್ದು ಎಂದು ಇನ್ನೊಂದು ಅರ್ಥ. ಮನೆ ಮತ್ತು ಗುಟ್ಟು ಒಂದೇ ಪದದಲ್ಲಿ ಕೂಡಿಕೊಂಡಿವೆ. ಬಚ್ಚಿಟ್ಟಿದ್ದು ತಾನಾಗಿ ಹೊರಬಂದಾಗ ಪರಿಚಿತ ಮನೆಯೇ ಅಪರಿಚಿತವಾಗಿ ನಮ್ಮನ್ನು ಹೆದರಿಸುತ್ತದೆ ಎಂಬುದು ಅವನ ವಾದದ ತಿರುಳು. ಕಾಡಿನ ಭೂತಕ್ಕಿಂತ ಮನೆಯ ಭೂತ ಹೆಚ್ಚು ಕಾಡುವುದು ಇದರಿಂದಲೇ. ಕಾಡನ್ನು ಬಿಟ್ಟು ಓಡಬಹುದು, ಮನೆ ನಮ್ಮದು.

ಇದೆಲ್ಲ ಬರೀ ಕಲ್ಪನೆಯೆನ್ನುವವರಿಗೆ ಚರಿತ್ರೆಯಿಂದ ಒಂದು ಸಂಗತಿ ಹೇಳಬೇಕು. ಇಂಗ್ಲೆಂಡಿನ ರಾಣಿ ಎರಡನೆಯ ಎಲಿಜಬೆತ್‌ಗೆ ತಾಯಿಯ ಕಡೆಯಿಂದ ಸೋದರಸಂಬಂಧಿಗಳಾದ ಇಬ್ಬರು ಅಕ್ಕತಂಗಿಯರಿದ್ದರು: ನೆರಿಸ್ಸಾ ಮತ್ತು ಕ್ಯಾಥರೀನ್ ಬೋಸ್-ಲಯನ್. ಇಬ್ಬರಿಗೂ ಹುಟ್ಟಿನಿಂದ ಬುದ್ಧಿಮಾಂದ್ಯವಿತ್ತು. 1941ರಲ್ಲಿ ಅವರನ್ನು ಸರ್ರೆಯ ರಾಯಲ್ ಅರ್ಲ್ಸ್‌ವುಡ್ ಆಸ್ಪತ್ರೆಗೆ ಸೇರಿಸಲಾಯಿತು. ಇಂಗ್ಲೆಂಡಿನ ಶ್ರೀಮಂತ ಮನೆತನಗಳ ವಂಶಾವಳಿ ಗ್ರಂಥವಾದ 'ಬರ್ಕ್ಸ್ ಪೀರೇಜ್' ತನ್ನ 1963ರ ಆವೃತ್ತಿಯಲ್ಲಿ ಇಬ್ಬರೂ ಸತ್ತಿದ್ದಾರೆಂದು ದಾಖಲಿಸಿತು. ಆಗ ಇಬ್ಬರೂ ಬದುಕಿದ್ದರು. ನೆರಿಸ್ಸಾ ತೀರಿಕೊಂಡದ್ದು 1986ರಲ್ಲಿ. ಮರುವರ್ಷ ಪತ್ರಿಕೆಗಳು ವಿಷಯವನ್ನು ಬಯಲಿಗೆಳೆದಾಗ ಕ್ಯಾಥರೀನ್ ಇನ್ನೂ ಇದ್ದಳು, 2014ರವರೆಗೂ ಇದ್ದಳು. ವಂಶಾವಳಿಯ ಪುಟದಲ್ಲಿ ಸತ್ತವಳು ಅರ್ಧ ಶತಮಾನ ಕಾಲ ಉಸಿರಾಡುತ್ತಿದ್ದಳು. ದೆವ್ವವೆಂದರೆ ಇದಕ್ಕಿಂತ ಬೇರೆ ಏನು? ಡಿಫೋ ಮನೆತನದ ಕತೆ ಈ ಘಟನೆಯಿಂದ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಮಗುವನ್ನು ಬಚ್ಚಿಡುವ ಬಂಗಲೆ ಕತೆಗಾರನ ಉತ್ಪ್ರೇಕ್ಷೆಯಲ್ಲ ಎಂದಷ್ಟೇ ನನ್ನ ಮಾತು.

ಹಾಗಾದರೆ ಕಾದಂಬರಿ ಈಗಾಗಲೇ ಹೇಳಿದ್ದಕ್ಕೆ ಆಟ ಸೇರಿಸುವುದೇನು? ಕಾದಂಬರಿಯಲ್ಲಿ ಮುಚ್ಚಿದ ಬಾಗಿಲನ್ನು ಬೇರೆ ಯಾರೋ ತೆರೆಯುತ್ತಾರೆ, ನಾವು ಓದುತ್ತೇವೆ. ಆಟದಲ್ಲಿ ನಾವು ಕೈ ಚಾಚದೆ ಬಾಗಿಲು ತೆರೆಯುವುದಿಲ್ಲ. ಒಳಗೇನೋ ಇದೆಯೆಂದು ತಿಳಿದೂ ತೆರೆಯಬೇಕು. ಗುಟ್ಟನ್ನು ತಿಳಿಯುವ ಹೊಣೆ ನಮ್ಮ ಬೆರಳಿನ ತುದಿಗೆ ಬಂದು ಕೂರುತ್ತದೆ.

ಈ ದಾರಿ ತೆರೆದದ್ದು ಅಮೆರಿಕದ ಒಬ್ಬ ಗೃಹಿಣಿ. ಕ್ಯಾಲಿಫೋರ್ನಿಯಾದ ರಾಬರ್ಟಾ ವಿಲಿಯಮ್ಸ್ ತಮ್ಮ ಅಡುಗೆಮನೆಯ ಮೇಜಿನ ಮೇಲೆ ಒಂದು ಹಳೆಯ ಬಂಗಲೆಯ ನಕ್ಷೆ ಬರೆದರು; ಪತಿ ಕೆನ್ ಅದನ್ನು ಆಪಲ್ ಕಂಪ್ಯೂಟರಿಗೆ ಅಳವಡಿಸಿದರು. 1980ರಲ್ಲಿ ಬಂದ ಆ 'ಮಿಸ್ಟರಿ ಹೌಸ್' ಆಟದಲ್ಲಿ ಅಗಾಥಾ ಕ್ರಿಸ್ಟಿಯ ಕತೆಗಳಂತೆ ಅತಿಥಿಗಳು ಒಬ್ಬೊಬ್ಬರಾಗಿ ಕೊಲೆಯಾಗುತ್ತಾರೆ. ಅದುವರೆಗೆ ಇಂಥ ಆಟಗಳಲ್ಲಿ ಅಕ್ಷರ ಮಾತ್ರ ಇತ್ತು. ರಾಬರ್ಟಾ ಸುಮಾರು 70 ಸರಳ ರೇಖಾಚಿತ್ರಗಳನ್ನು ಸೇರಿಸಿದರು. ಮಕ್ಕಳು ಬರೆದಂತಿದ್ದ ಆ ಚಿತ್ರಗಳ ಆಟವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ 24.95 ಡಾಲರಿಗೆ ಮಾರಿದರು. ಹತ್ತು ಸಾವಿರಕ್ಕೂ ಹೆಚ್ಚು ಪ್ರತಿ ಖರ್ಚಾದವು. ಮುಂದೆ ಅವರ ಮನೆಯ ಉದ್ಯಮ 'ಸಿಯೆರಾ' ಎಂಬ ದೊಡ್ಡ ಕಂಪನಿಯಾಯಿತು.

ಆಮೇಲೆ ಬಂಗಲೆ ಆಟಗಳಿಗೆ ಖಾಯಂ ವಿಳಾಸವಾಯಿತು. 1989ರಲ್ಲಿ ಜಪಾನಿನ 'ಸ್ವೀಟ್ ಹೋಮ್', 1992ರಲ್ಲಿ ಫ್ರಾನ್ಸಿನ ಫ್ರೆಡೆರಿಕ್ ರೇನಾಲ್ ರೂಪಿಸಿದ 'ಅಲೋನ್ ಇನ್ ದಿ ಡಾರ್ಕ್', 1996ರಲ್ಲಿ 'ರೆಸಿಡೆಂಟ್ ಈವಿಲ್'. ಕೊನೆಯ ಆಟದಲ್ಲಿ ಪ್ರತಿ ಬಾಗಿಲೂ ಕತ್ತಲೆಯಲ್ಲಿ ನಿಧಾನವಾಗಿ, ಕಿರ್ರೆಂದು ತೆರೆದುಕೊಳ್ಳುತ್ತದೆ. ಮುಂದಿನ ಕೋಣೆಯ ವಿವರಗಳನ್ನು ಯಂತ್ರ ಡಿಸ್ಕಿನಿಂದ ಓದಿಕೊಳ್ಳಲು ಹೊತ್ತು ಬೇಕಿತ್ತು. ಆ ಹೊತ್ತನ್ನು ಮರೆಸಲು ಬಾಗಿಲಿನ ದೃಶ್ಯ ಇಟ್ಟರು. ಯಂತ್ರದ ಬಡತನವೇ ಆಟಗಾರನ ಎದೆಬಡಿತವಾಯಿತು.

ಕ್ರೋಶಾ ಅವರಂಥ ಒಂಟಿ ಕುಶಲಕರ್ಮಿಗೆ ಬಂಗಲೆ ಒದಗಿಬಂದದ್ದೂ ಹೀಗೆಯೇ. ಒಂದು ನಗರವನ್ನು ಚಿತ್ರಿಸಲು ಒಬ್ಬರಿಂದ ಆಗದು. ನಾಲ್ಕು ಗೋಡೆಯೊಳಗಿನ ಕೆಲವು ಕೋಣೆ, ಬೆರಳೆಣಿಕೆಯ ಪಾತ್ರಗಳನ್ನು ಚಿತ್ರಿಸಬಹುದು. ಕೋಣೆ ಕಡಿಮೆಯಾದ್ದರಿಂದ ಆಟಗಾರ ಅದೇ ಕಾರಿಡಾರಿನಲ್ಲಿ ಐದು ದಿನವೂ ಓಡಾಡಬೇಕು. ಎರಡನೆಯ ದಿನಕ್ಕೆ ಮನೆ ಪರಿಚಿತವಾಗುತ್ತದೆ. ಯಾವ ಬಾಗಿಲು ಎಲ್ಲಿಗೆಂದು ಕೈಗೆ ಅಭ್ಯಾಸವಾಗುತ್ತದೆ. ಪರಿಚಿತವಾದ ಮೇಲಷ್ಟೇ, ನಿನ್ನೆ ಏನೂ ಇಲ್ಲದಿದ್ದ ಜಾಗದಲ್ಲಿ ಇಂದು ಒಂದು ಹೆಣ ಕಂಡರೆ ಮೈ ಜುಮ್ಮೆನ್ನುತ್ತದೆ. ಫ್ರಾಯ್ಡ್ ಹೇಳಿದ ಪಲ್ಲಟ ಇದೇ. ಲಕ್ಷಾಂತರ ಡಾಲರು ಸುರಿದು ಕಟ್ಟಿದ ವೈಭವದ ಆಟಗಳಲ್ಲಿ ಒಂದು ಕೋಣೆಗೆ ಎರಡನೆಯ ಸಲ ಹೋಗುವ ಪ್ರಸಂಗವೇ ಎಷ್ಟೋ ಸಲ ಬರುವುದಿಲ್ಲ.

ಹಾಗೆಂದು ಈ ಆಟದಲ್ಲಿ ಕೊರತೆಯಿಲ್ಲವೆಂದಲ್ಲ. ಹಿಂಸೆ ಅನುಭವಿಸಿದ ಮಗುವನ್ನೇ ಮಚ್ಚು ಹಿಡಿದ ಕೊಲೆಗಾರನನ್ನಾಗಿ ನಿಲ್ಲಿಸುವುದು ಗಾಥಿಕ್ ಪರಂಪರೆಯ ಹಳೆಯ ಚಾಳಿ. ವಿಕಲಾಂಗವಾದ ದೇಹವೆಂದರೆ ಭಯಹುಟ್ಟಿಸುವ ದೇಹ ಎಂಬ ಪೂರ್ವಗ್ರಹಕ್ಕೆ ಇದು ಅರಿಯದೆ ಬಲ ಕೊಡುತ್ತದೆ. ರಾಡರಿಕ್ ಆಫ್ರಿಕಾದಿಂದ ತಂದ ವಿಗ್ರಹವೊಂದಕ್ಕೂ ಮನೆಯ ಕೇಡಿಗೂ ನಂಟು ಕಲ್ಪಿಸಿರುವುದು ಇದೇ ಬಗೆಯದು. ಜಮೈಕಾದ ಬರ್ತಾಳಂತೆ ಇಲ್ಲೂ ಕೇಡು ಕಡಲಾಚೆಯಿಂದ ಬರಬೇಕು. ಅದನ್ನು ಹೊತ್ತು ತಂದ ಯಜಮಾನನ ಪ್ರಶ್ನೆ ಹಿಂದೆ ಸರಿಯುತ್ತದೆ. ಆದರೂ ಒಂದು ಮಾತು ಆಟದ ಪರವಾಗಿ ಹೇಳಬೇಕು. ಕಾಗದಪತ್ರಗಳನ್ನು ಓದುತ್ತ ಹೋದಂತೆ ಆಟಗಾರನ ಸಿಟ್ಟು ಮುಖಕವಚದವನಿಂದ ಮೆಲ್ಲನೆ ಅವನ ತಂದೆಯ ಕಡೆ ತಿರುಗುತ್ತದೆ. ಭಯ ಹೋಗುವುದಿಲ್ಲ, ಅದರ ಜತೆಗೆ ಕನಿಕರ ಬಂದು ಸೇರುತ್ತದೆ.

ಈ ಜಾಡನ್ನು ಹಿಡಿದು ಇನ್ನೂ ಮುಂದೆ ಹೋದ ಇನ್ನೊಂದು ಇಂಡೀ ಆಟವಿದೆ. 2013ರಲ್ಲಿ ಬಂದ 'ಗಾನ್ ಹೋಮ್' ಅಮೆರಿಕದ ಆರಿಗನ್ ರಾಜ್ಯದ ಒಂದು ದೊಡ್ಡ ಮನೆಯಲ್ಲಿ, 1995ರ ಒಂದು ಮಳೆಯ ರಾತ್ರಿಯಲ್ಲಿ ನಡೆಯುತ್ತದೆ. ಯೂರೋಪ್ ಪ್ರವಾಸದಿಂದ ಮರಳಿದ ಹಿರಿಯ ಮಗಳಿಗೆ ಮನೆಯಲ್ಲಿ ಯಾರೂ ಕಾಣುವುದಿಲ್ಲ. ಗುಡುಗು, ಮಿಣುಕುವ ದೀಪ, ಗೋಡೆಯ ಹಿಂದಿನ ಗುಪ್ತ ದಾರಿ, ಎಲ್ಲವೂ ದೆವ್ವದ ಕತೆಯ ಸಲಕರಣೆಗಳೇ. ಆದರೆ ದೆವ್ವ ಬರುವುದೇ ಇಲ್ಲ. ಸಿಗುವುದು ಒಂದು ಹುಡುಗಿಯನ್ನು ಪ್ರೀತಿಸಿದ ತಂಗಿಯ ಬರಹಗಳು, ಅದನ್ನು ಒಪ್ಪಲಾರದ ತಂದೆತಾಯಿಯರ ಮೌನ. ಮನೆಯೊಳಗಿನ ಗುಟ್ಟಿಗೆ ಪ್ರೇತದ ವೇಷ ತೊಡಿಸುವ ಅಗತ್ಯವೂ ಇಲ್ಲವೆಂದು ಆ ಆಟ ತೋರಿಸಿತು.

ಹೀಗೆ ವಾಲ್‌ಪೋಲನ ಕೋಟೆಯಿಂದ ಮೊದಲಾಗಿ ಇಪ್ಪತ್ತರ ಹುಡುಗ ಕಂಪ್ಯೂಟರಿನಲ್ಲಿ ಬಿಡಿಸಿದ ಬಂಗಲೆಯವರೆಗೆ ಕತೆ ಮತ್ತೆ ಮತ್ತೆ ಕೇಳುವುದು ಒಂದೇ: ಈ ಬೀಗ ಹಾಕಿದವರು ಯಾರು? ದೆವ್ವವನ್ನು ಓಡಿಸಲು ಟ್ರಿಲ್ಬಿಗೆ ಮೊದಲು ಬೇಕಾಗುವುದು ಮಂತ್ರವಲ್ಲ. ಮನೆಯಲ್ಲಿ ಏನು ನಡೆಯಿತೆಂಬ ಮಾಹಿತಿ. ಆ ಹುಡುಗನಿಗೆ ಜಾನ್ ಎಂಬ ಹೆಸರಿತ್ತು ಎಂದು ತಿಳಿಯುವುದು ಅದರ ಮೊದಲ ಹೆಜ್ಜೆ. ಮನೆಗಳಿಗೂ, ಮನೆತನಗಳಿಗೂ, ಅವುಗಳಿಂದ ಆದ ಸಮಾಜಕ್ಕೂ ಈ ಮಾತು ಸಲ್ಲುತ್ತದೆ. ದಾಖಲೆಯಲ್ಲಿ ಸತ್ತವರೆಂದು ಬರೆದುಬಿಟ್ಟವರನ್ನು ಬದುಕಿರುವವರ ಪಟ್ಟಿಗೆ ತರುವ ಕೆಲಸ ಕತೆಗಾರರದ್ದೂ ಹೌದು, ಚರಿತ್ರಕಾರರದ್ದೂ ಹೌದು.

ಆಟದ ಕೊನೆಯನ್ನು ನಾನು ಹೇಳುವುದಿಲ್ಲ. ಆಸಕ್ತರು ಕೆಲವು ಗಂಟೆ ಬಿಡುವು ಮಾಡಿಕೊಂಡು ಆಡಿ ನೋಡಲಿ. ನಿಮ್ಮ ಮನೆಯ ಮಕ್ಕಳು ಇಂಥ ಆಟದ ಮುಂದೆ ಕುಳಿತಿದ್ದರೆ ಗದರಿಸುವ ಮೊದಲು ಪಕ್ಕದಲ್ಲಿ ಕುಳಿತು, ಆ ಮನೆಯಲ್ಲಿ ಹಿಂದೆ ಏನಾಗಿತ್ತಂತೆ ಎಂದು ಒಮ್ಮೆ ಕೇಳಿ. ಅವರಿಗೆ ಹೇಳಲು ಬಹಳ ಇರುತ್ತದೆ.