ಸ್ಲೈಡಿನ ಕೊನೆಯ ಸಾಲು



ಇಂದು ಪದವಿ ಪಡೆಯುತ್ತಿರುವ ಯಾರನ್ನು ಕೇಳಿದರೂ ಸೆಮಿನಾರಿನ ಹಿಂದಿನ ರಾತ್ರಿಯ ಕಥೆಯೊಂದು ಸಿಗುತ್ತದೆ. ಐದು ಜನರ ಗುಂಪು. ಒಬ್ಬರಿಗೆ ಪೀಠಿಕೆ, ಇಬ್ಬರಿಗೆ ನಡುವಿನ ಭಾಗ, ಒಬ್ಬರಿಗೆ ಉಪಸಂಹಾರ. ಐದನೆಯವರು ಹನ್ನೆರಡರ ತನಕ ನಿದ್ದೆಗೆಟ್ಟು ಎಲ್ಲವನ್ನೂ ಪಿಪಿಟಿಗೆ ಅಂಟಿಸುತ್ತಾರೆ. ಬೆಳಿಗ್ಗೆ ಒಬ್ಬೊಬ್ಬರೂ ತಮ್ಮ ಪಾಲಿನದನ್ನು ಓದಿ ಪಕ್ಕಕ್ಕೆ ಸರಿಯುತ್ತಾರೆ. ಪೀಠಿಕೆ ಓದಿದವರನ್ನು ಉಪಸಂಹಾರದ ಬಗ್ಗೆ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಸರ್, ಅದು ನನ್ನ ಪಾರ್ಟ್ ಅಲ್ಲ."

ಆ ಉತ್ತರಕ್ಕೆ ತರಗತಿಯಲ್ಲಿ ಹೋಗುವುದು ಒಂದೆರಡು ಅಂಕ. ಕಾಲೇಜಿನ ಗೇಟು ದಾಟಿದ ಮೇಲೆ ಏನೇನು ಹೋಗಬಹುದು ಎಂಬುದು ಅಮೆರಿಕದ ಬಾಹ್ಯಾಕಾಶ ನೌಕೆ ಕೊಲಂಬಿಯಾದ ದುರಂತದ ತನಿಖಾ ವರದಿಯಲ್ಲಿದೆ.

2003ರ ಜನವರಿ 16ರಂದು ಕೊಲಂಬಿಯಾ ನೌಕೆ ಏಳು ಮಂದಿಯನ್ನು ಹೊತ್ತು ಮೇಲೇರಿತು. ಅವರಲ್ಲೊಬ್ಬರು ಕಲ್ಪನಾ ಚಾವ್ಲಾ. ಹರಿಯಾಣದ ಕರ್ನಾಲಿನ ಹುಡುಗಿ, 1982ರಲ್ಲಿ ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಿಂದ ಪದವಿ ಪಡೆದು ಹೊರಬಂದವರು. ನೌಕೆ ಹಾರಿ ಸುಮಾರು 82 ಸೆಕೆಂಡು ಆಗುವಷ್ಟರಲ್ಲಿ ಹೊರಗಿನ ಇಂಧನ ಟ್ಯಾಂಕಿನಿಂದ ಫೋಮಿನ ತುಂಡೊಂದು ಕಿತ್ತುಬಂದು ಎಡರೆಕ್ಕೆಗೆ ಬಡಿಯಿತು. ಪೆಟ್ಟು ಎಷ್ಟು ಆಳದ್ದು ಎಂದು ಲೆಕ್ಕ ಹಾಕಲು ಎಂಜಿನಿಯರುಗಳ ತಂಡವೊಂದು ಕೂತಿತು. ಜನವರಿ 24ರಂದು ಅವರು ತಮ್ಮ ಸ್ಲೈಡುಗಳನ್ನು ಮುಂದಿಟ್ಟಾಗ ಕೋಣೆ ತುಂಬಿ, ಜನ ಹೊರಗಿನ ಪಡಸಾಲೆಯಲ್ಲೂ ನಿಂತಿದ್ದರು.

ಆ ಸ್ಲೈಡುಗಳಲ್ಲಿ ಒಂದನ್ನು ಮಾಹಿತಿ ವಿನ್ಯಾಸದ ತಜ್ಞ ಎಡ್ವರ್ಡ್ ಟಫ್ಟಿ ಆಮೇಲೆ ಸಾಲುಸಾಲಾಗಿ ಬಿಡಿಸಿ ನೋಡಿದರು. ಶೀರ್ಷಿಕೆ ಧೈರ್ಯ ತುಂಬುವಂತಿತ್ತು. ಅದರಡಿ ಬುಲೆಟ್, ಬುಲೆಟ್ಟಿನೊಳಗೆ ಇನ್ನೊಂದು ಬುಲೆಟ್. ಅಸಲು ವಿಷಯ ಇದ್ದದ್ದು ತೀರಾ ಕೆಳಗೆ, ಸಣ್ಣ ಅಕ್ಷರಗಳಲ್ಲಿ: ಹಿಂದೆ ಪ್ರಯೋಗ ನಡೆದದ್ದು 3 ಘನ ಅಂಗುಲದ ಫೋಮಿನಿಂದ, ಈಗ ಲೆಕ್ಕಕ್ಕೆ ಬಂದದ್ದು 1,920 ಘನ ಅಂಗುಲ. 640 ಪಟ್ಟು ದೊಡ್ಡದು! ಕೈಯಲ್ಲಿದ್ದ ಪ್ರಯೋಗದ ಅಂಕಿಗಳು ಈ ಪೆಟ್ಟಿಗೆ ಹೊಂದುವಂಥವೇ ಅಲ್ಲ ಎಂದು ಆ ಸಾಲು ಹೇಳುತ್ತಿತ್ತು. 'ಗಮನಾರ್ಹ' ಎಂಬರ್ಥದ ಪದ ಆ ಒಂದೇ ಸ್ಲೈಡಿನಲ್ಲಿ ಐದು ಸಲ ಬಂದಿತ್ತು. ಎಷ್ಟು ಗಮನಾರ್ಹ ಎಂಬುದು ಮಾತ್ರ ಕೇಳಿದವರಿಗೆ ತಿಳಿಯುವಂತಿರಲಿಲ್ಲ. ಸ್ಲೈಡಿನಲ್ಲಿ ಸುಳ್ಳು ಇರಲಿಲ್ಲ. ಕೇಳಲು ಬಂದವರು ಧೈರ್ಯ ತೆಗೆದುಕೊಂಡು ಎದ್ದುಹೋದರು. ಫೆಬ್ರುವರಿ 1ರಂದು ಭೂಮಿಗೆ ಮರಳುವಾಗ ನೌಕೆ ಛಿದ್ರವಾಯಿತು. ಪೂರ್ಣ ತಾಂತ್ರಿಕ ವರದಿ ಬರೆಯಬೇಕಾದ ಕಡೆಯೆಲ್ಲ ಸ್ಲೈಡು ತೋರಿಸುವ ರೂಢಿಯನ್ನು ತನಿಖಾ ಮಂಡಳಿ ಹೆಸರಿಸಿಯೇ ಟೀಕಿಸಿತು.

ಹತ್ತು ನಿಮಿಷದ ಸೆಮಿನಾರಿಗೆ ನಿಂತ ವಿದ್ಯಾರ್ಥಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ತನಗೆ ಗೊತ್ತಿರುವುದೆಲ್ಲ ಮೊದಲು, ಕೇಳುವವರಿಗೆ ಬೇಕಾದದ್ದು ಕೊನೆಗೆ. ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. ಕಂಠ, ನಿಲುವು, ಇಂಗ್ಲಿಷಿನ ಉಚ್ಚಾರಣೆ ತಿದ್ದಲು ತರಬೇತಿಗಳು ಬೇಕಾದಷ್ಟಿವೆ. ಯಾವ ಸಾಲು ಮೇಲಿರಬೇಕು ಎಂಬುದನ್ನು ಗುಂಪಿನ ಐವರೂ ಕೂತು ಜಗಳವಾಡಿಯಾದರೂ ತೀರ್ಮಾನಿಸುವುದನ್ನು ಕಲಿಸುವ ತರಗತಿಗಳು ಅಪರೂಪ.

ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರು ಹಾಕುವ ಶ್ರಮ ಕಡಿಮೆಯಾಗುತ್ತದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಹಗ್ಗ ಎಳೆಸಿ ನೋಡಿ 1913ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಎಂಟು ಜನ ಸೇರಿ ಎಳೆದಾಗ ತಲಾ ಬಿದ್ದ ಬಲ ಒಂಟಿಯಾಗಿ ಎಳೆದಾಗಿನದರ ಅರ್ಧದಷ್ಟೇ. ಒಂದಿಷ್ಟು ಬಲ ಎಳೆತದ ತಾಳ ತಪ್ಪಿ ಹೋಗುತ್ತದೆ; ಒಂದಿಷ್ಟು, ಯಾರ ಪಾಲು ಎಷ್ಟು ಎಂದು ಯಾರಿಗೂ ಕಾಣದಿರುವುದರಿಂದ. 1981ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಗುಂಪಿನಲ್ಲಿ ಕೂಗುವವರಿಗೆ, ಪ್ರತಿಯೊಬ್ಬರ ದನಿಯನ್ನೂ ಬೇರೆಬೇರೆಯಾಗಿ ಅಳೆಯುತ್ತೇವೆ ಎಂದು ತಿಳಿಸಿದಾಗ ಆ ಮೈಗಳ್ಳತನ ಇಳಿಯಿತು. ಐವರಿಗೂ ಒಂದೇ ಅಂಕ ಕೊಡುವ ಅಧ್ಯಾಪಕರು ಇದನ್ನು ಗಮನಿಸಬೇಕು.

ದಾರಿ ಇಲ್ಲದಿಲ್ಲ. 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದ ಶಾಲೆಗಳಲ್ಲಿ ಬಿಳಿಯ, ಕರಿಯ, ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಬಾರಿಗೆ ಒಂದೇ ಕೋಣೆಯಲ್ಲಿ ಕೂತು ಕಚ್ಚಾಡುತ್ತಿದ್ದಾಗ, ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಪಾಠವನ್ನು ತುಂಡು ಮಾಡಿ ಹಂಚಿದರು. ಒಂದು ಮಗುವಿಗೆ ಒಂದು ತುಂಡು. ಅದೇ ತುಂಡು ಸಿಕ್ಕ ಬೇರೆ ಗುಂಪಿನ ಮಕ್ಕಳೊಡನೆ ಮೊದಲು ಚರ್ಚೆ, ಆಮೇಲೆ ತನ್ನ ಗುಂಪಿಗೆ ಮರಳಿ ಪಾಠ. ಪರೀಕ್ಷೆ ಮಾತ್ರ ಎಲ್ಲರಿಗೂ ಪೂರ್ತಿ ಪಾಠದ ಮೇಲೆ. ಜೊತೆಯವನ ಮಾತು ಕೇಳದೆ ಯಾರಿಗೂ ಗತ್ಯಂತರವಿರಲಿಲ್ಲ. ನಮ್ಮ ಕಾಲೇಜುಗಳಲ್ಲಿ ಇದಕ್ಕಿಂತ ಸರಳವಾದದ್ದೂ ಸಾಧ್ಯ: ಯಾವ ಭಾಗ ಯಾರು ಮಂಡಿಸಬೇಕೆಂದು ಆ ಬೆಳಿಗ್ಗೆ ಚೀಟಿ ಎತ್ತಿ ಹೇಳಿದರೆ, ಹಿಂದಿನ ರಾತ್ರಿ ಐವರೂ ಎಲ್ಲ ಭಾಗಗಳನ್ನೂ ಓದಬೇಕಾಗುತ್ತದೆ.

ತನ್ನ ಪಾಲಷ್ಟೇ ತಿಳಿದರೆ ಸಾಲದು ಎಂಬುದು ಕರಾವಳಿ, ಮಲೆನಾಡಿನ ವಿದ್ಯಾರ್ಥಿಗಳಿಗೆ ಯಕ್ಷಗಾನದ ತಾಳಮದ್ದಳೆಯಿಂದಲೇ ಗೊತ್ತು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ವಾಲಿ ಏನು ಕೇಳಿದನೋ ರಾಮ ಅದಕ್ಕೇ ಉತ್ತರಿಸಬೇಕು. ಕಂಠಪಾಠ ಮಾಡಿಬಂದದ್ದನ್ನು ಒಪ್ಪಿಸಿದರೆ ಸಭೆಗೆ ತಕ್ಷಣ ತಿಳಿಯುತ್ತದೆ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಎದುರು ಕೂರುತ್ತಿದ್ದವರಿಗೆ ತಮ್ಮ ಪಾತ್ರವಷ್ಟೇ ಗೊತ್ತಿದ್ದರೆ ಸಾಲುತ್ತಿರಲಿಲ್ಲ, ಇಡೀ ಪ್ರಸಂಗ ಗೊತ್ತಿರಬೇಕಿತ್ತು.

ಇಂದು ಪ್ರಮಾಣಪತ್ರ ಹಿಡಿದು ಹೊರಡುವ ಕೆಲವರಾದರೂ ಕೆಲವೇ ತಿಂಗಳಲ್ಲಿ ಯಾವುದೋ ಮೀಟಿಂಗಿನಲ್ಲಿ ಹಿರಿಯರ ನಡುವೆ, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿರುತ್ತಾರೆ. ಅವರಿಗಾಗಿ ಕೊಲಂಬಿಯಾದ ಇನ್ನೊಂದು ಪುಟವಿದೆ. ರೆಕ್ಕೆಯ ಚಿತ್ರ ತೆಗೆಸಲೇಬೇಕೆಂದು ಎಂಜಿನಿಯರುಗಳು ಕೇಳಿದ್ದರು; ಮೇಲಿನವರು ಬೇಡವೆಂದರು. ಎಂಜಿನಿಯರುಗಳಲ್ಲೊಬ್ಬರು ಈ ನಿರ್ಧಾರ ತಪ್ಪು ಎಂದು ಖಾರವಾಗಿ ಇಮೇಲ್ ಬರೆದರು, ಪ್ರಿಂಟ್ ತೆಗೆದು ಸಹೋದ್ಯೋಗಿಯೊಬ್ಬರಿಗೆ ತೋರಿಸಿದರು, ಕಳುಹಿಸಲಿಲ್ಲ. ಅಂದು ಜನವರಿ 22. ನೌಕೆ ಮರಳಲು ಇನ್ನೂ ಹತ್ತು ದಿನವಿತ್ತು.