ಅನುಭವವೂ ಆರೋಗ್ಯವೂ

 

ಶ್ರೀಮಠದ ಈ ಮಹೋತ್ಸವದಲ್ಲಿ ಅನುಭವದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವದು. ಈ ಶಬ್ದವು ವಿಜಯಪುರ ಸೀಮೆಗೆ ಹೊಸತಲ್ಲ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು, 1926ರಲ್ಲಿ ಹೊರಡಿಸಿದ ಪತ್ರಿಕೆಗೆ ಅವರಿಟ್ಟ ಹೆಸರು ‘ಶಿವಾನುಭವ’. ಆದರೆ ಈಗ ಆ ಶಬ್ದವು ಬೇರೊಂದು ಅರ್ಥದಲ್ಲಿಯೂ ಬಳಕೆಗೆ ಬಂದಿರುವದು. “ಇಂಥ ಔಷಧದಿಂದ, ಇಂಥ ಹರಕೆಯಿಂದ ನನಗೆ ಗುಣವಾಯಿತು; ಆದುದರಿಂದ ನಂಬಿದೆನು; ಇದು ನನ್ನ ಅನುಭವ” ಎಂದು ಅನೇಕರು ಹೇಳುವರು. ಈ ಮಾತನ್ನೇ ಇಂದು ಕೊಂಚ ವಿಚಾರಿಸುವೆನು.

ಇಂಥ ನಂಬಿಗೆಯನ್ನು ಕಂಡು ನಗುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಬೇನೆಯಿಂದ ಬಳಲಿದವನ ಹಣೆಗೆ ಗುರುಗಳು ವಿಭೂತಿಯನ್ನಿಟ್ಟರೆ ಅವನ ಅಂಜಿಕೆ ಇಳಿಯುವದು, ಕಣ್ಣಿಗೆ ನಿದ್ರೆ ಹತ್ತುವದು, ಬೇಡವೆಂದಿದ್ದ ಗಂಜಿ ಬೇಕೆನಿಸುವದು. ಇದು ಸುಳ್ಳಲ್ಲ. ಬೇನೆಯ ಹಾಸಿಗೆಯಲ್ಲಿಯೇ ಲಿಂಗನಿಷ್ಠೆ ಬಲಿತವರು ನಮ್ಮಲ್ಲಿ ಹಲವರಿರುವರು.

ಆದರೆ ಕಂಡುದು ಒಂದು, ಕಂಡುದರಿಂದ ಊಹಿಸಿದ್ದು ಇನ್ನೊಂದು. ಕಾಮಣಿ ಬೇನೆಯನ್ನೇ ತೆಗೆದುಕೊಳ್ಳಿರಿ. ಕಣ್ಣು ಹಳದಿಯಾದೊಡನೆ ನಾವು ನಾಟಿ ಔಷಧ ಕೊಡುವವರ ಬಾಗಿಲಿಗೆ ಹೋಗುವೆವು. ಬೇರು ಅರೆದು ಕುಡಿಸಿ, ಪಥ್ಯ ಹೇಳುವರು. ಕೆಲವು ವಾರಗಳಲ್ಲಿ ಬಹುಜನರಿಗೆ ಗುಣವೂ ಆಗುವದು. ಕೆಟ್ಟ ನೀರಿನಿಂದ ಬರುವ ಕಾಮಣಿಯು ಸಾಮಾನ್ಯವಾಗಿ ವಿಶ್ರಾಂತಿಯಿಂದ ತಾನಾಗಿಯೇ ಇಳಿಯತಕ್ಕದ್ದು. ಅದೇ ಹಳದಿಯು ಪಿತ್ತನಾಳದಲ್ಲಿ ಹರಳು ಸಿಕ್ಕಿಯೂ ಬರಬಹುದು, ಯಕೃತ್ತನ್ನು ಒಳಗೊಳಗೇ ಕೆಡಿಸುವ ಬೇರೆ ಸೋಂಕಿನಿಂದಲೂ ಬರಬಹುದು. ಅಲ್ಲಿ ಆ ಬೇರನ್ನು ನಂಬಿ ಕಳೆದ ಒಂದೊಂದು ದಿನವೂ ನಷ್ಟವೇ. ಹಾವಿನ ಮಾತೂ ಹಾಗೆಯೇ. ಕೇರೆಯು ಕಚ್ಚಿದರೆ ವಿಷವೇ ಇಲ್ಲ. ನಾಗರ ಕಚ್ಚಿದಾಗಲೂ ಒಮ್ಮೊಮ್ಮೆ ವಿಷವಿಳಿಯುವದಿಲ್ಲ. ಅಂಥವರೆಲ್ಲ ಮಂತ್ರಿಸಿದ ನೀರಿನಿಂದ ಬದುಕಿದೆವೆನ್ನುವರು. ವಿಷವಿಳಿದು ಸತ್ತವನು ತನ್ನ ಅನುಭವವನ್ನು ಹೇಳಲು ಬರುವದಿಲ್ಲ! ತಿಕೋಟೆ, ಬಬಲೇಶ್ವರದ ಕಡೆ ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವ ರೈತನ ಮನೆಯವರು ಇದನ್ನು ಮರೆಯಲಾಗದು. ಆ ವಿಷಕ್ಕೆ ಆಸ್ಪತ್ರೆಯ ಪ್ರತಿವಿಷವೇ ಮದ್ದು.

ಇದಕ್ಕಿಂತಲೂ ನೋವಿನ ಸಂಗತಿಯೊಂದುಂಟು. ಗುಣವಾದರೆ ಹರಕೆಯ ಮಹಿಮೆ, ಆಗದಿದ್ದರೆ? “ನಿನ್ನ ಭಕ್ತಿ ಸಾಲದಾಯಿತು, ನೇಮದಲ್ಲಿ ಎಲ್ಲಿಯೋ ತಪ್ಪಿದೆ” ಎಂದು ಮಗುವನ್ನು ಕಳೆದುಕೊಂಡ ತಾಯಿಗೆ ನೆರೆಹೊರೆಯವರು ಹೇಳಿದುದನ್ನು ನಾನು ಕಿವಿಯಾರೆ ಕೇಳಿರುವೆನು. ಆ ತಾಯಿಯು ಮೂರು ಹೊತ್ತೂ ಲಿಂಗಪೂಜೆ ಮಾಡುವವಳು. ಸತ್ತ ಮಗುವಿನ ಮೇಲೆ ಸೋತ ಭಕ್ತಿಯ ಭಾರವನ್ನೂ ಅವಳ ತಲೆಗೆ ಹೊರಿಸುವದು ಯಾವ ಧರ್ಮ? ರೋಗ ನಿಂತುದರಿಂದ ಹುಟ್ಟಿದ ನಂಬಿಗೆಯು ರೋಗ ಮರಳಿದ ದಿನ ಬಿದ್ದುಹೋಗುವದು. ಬೀಳುವಾಗ ಇಂಥವರನ್ನೂ ಸಂಗಡ ಎಳೆದುಕೊಂಡು ಬೀಳುವದು.

ನಮ್ಮ ನಗರದ ಗುಡಿಯ ಸಿದ್ಧೇಶ್ವರನೆಂದರೆ ಸೊನ್ನಲಿಗೆಯ ಸಿದ್ಧರಾಮೇಶ್ವರರು. ಕೆರೆ ತೋಡಿಸಿ, ಗುಡಿ ಕಟ್ಟಿಸಿ, ಅದರಲ್ಲಿಯೇ ತೃಪ್ತರಾಗಿದ್ದ ಆ ಮಹಾತ್ಮರಲ್ಲಿಗೆ ಅಲ್ಲಮಪ್ರಭುಗಳು ಬಂದು ವಾದ ಹೂಡಿದರೆಂದೂ, ಅವರನ್ನು ಕಲ್ಯಾಣಕ್ಕೆ ಕರೆದೊಯ್ದರೆಂದೂ, ಅಲ್ಲಿ ಚೆನ್ನಬಸವಣ್ಣನವರಿಂದ ಅವರಿಗೆ ದೀಕ್ಷೆಯಾಯಿತೆಂದೂ ಶೂನ್ಯಸಂಪಾದನೆಯು ಹೇಳುವದು. ಸಿದ್ಧಿಗಳಿದ್ದವರ ಅನುಭವವೂ ಶರಣರ ಗೋಷ್ಠಿಯಲ್ಲಿ ಪ್ರಶ್ನೆಗೆ ಒಳಗಾಗಬೇಕಾಯಿತು. ನಮ್ಮದು ಯಾವ ಲೆಕ್ಕ? ಆ ಶರಣರ ಬಳಗದಲ್ಲಿಯೇ ವೈದ್ಯ ಸಂಗಣ್ಣನೆಂಬವರಿದ್ದರು. ಚಿಕಿತ್ಸೆಯೇ ಅವರ ಕಾಯಕ; ಅವರ ವಚನಗಳ ಅಂಕಿತದಲ್ಲಿ ಸಿದ್ಧರಾಮೇಶ್ವರರ ಹೆಸರೂ ಕೂಡಿಕೊಂಡಿರುವದು. ಮದ್ದು ಕೊಡುವದೇ ಕಾಯಕವಾದ ಮೇಲೆ ಮದ್ದು ಕೊಳ್ಳುವದು ಅಪನಂಬಿಗೆ ಹೇಗಾದೀತು?

ತಿಕೋಟೆ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ಜ್ಞಾನಯೋಗಾಶ್ರಮದಲ್ಲಿದ್ದು, 2023ರ ಜನವರಿ 2ರಂದು ಲಿಂಗೈಕ್ಯರಾದ ಸಿದ್ಧೇಶ್ವರ ಸ್ವಾಮಿಗಳನ್ನು ಇಲ್ಲಿ ನೆನೆಯದಿರಲಾರೆನು. ಜನರು ಅವರನ್ನು ನಡೆದಾಡುವ ದೇವರೆಂದರು. ಅವರಾದರೋ 2014ರಲ್ಲಿಯೇ ತಮ್ಮ ಅಂತ್ಯದ ವಿಷಯವಾಗಿ ಬರೆದಿಟ್ಟರು: ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಬೂದಿಯನ್ನು ನೀರಿಗೆ ಬಿಡಬೇಕು, ಸ್ಮಾರಕವನ್ನು ಕಟ್ಟಬಾರದು. ಆ ಬೂದಿಯನ್ನು ಔಷಧವೆಂದು ಕಟ್ಟಿಕೊಂಡು ಬರುವವರು ನಮ್ಮಲ್ಲಿಯೇ ಹುಟ್ಟುವರೆಂದು ಅವರು ತಿಳಿದಿದ್ದರೋ ಏನೋ. ಇದು ನನ್ನ ಊಹೆ ಮಾತ್ರ.

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಬಂದವರು ಶ್ರೀಮಠಕ್ಕೂ ಬರುವರು. ಬೇನೆಯವರನ್ನು ಕರೆತಂದವರೂ ಅವರಲ್ಲಿರುವರು. ಅವರಿಗೆ ವಿಭೂತಿಯನ್ನು ಕೊಡೋಣ, ದಾಸೋಹಕ್ಕೆ ಕೂಡಿಸೋಣ. ಜ್ವರವೆಷ್ಟು ದಿನದ್ದು, ಯಾವ ಗುಳಿಗೆಯನ್ನು ನಡುವೆ ಬಿಟ್ಟಿರುವಿರಿ ಎಂದು ಯಾರಾದರೊಬ್ಬರು ಕೇಳಿ, ಬೇಕಾದರೆ ಆಸ್ಪತ್ರೆಯವರೆಗೆ ಸಂಗಡ ಹೋಗುವ ವ್ಯವಸ್ಥೆಯಾಗಲೆಂದು ಪೂಜ್ಯರಲ್ಲಿ ಅರಿಕೆ ಮಾಡಿಕೊಳ್ಳುವೆನು.