ಡಬ್ಬಿಯಲ್ಲಿ ಉಳಿದ ಬಿಳಿ ಮಾತ್ರೆ



ಶಿಕಾರಿಪುರ, ಸೊರಬದ ಹಳ್ಳಿಗಳಿಗೆ ಬಂದಾಗೆಲ್ಲ ನಾವು ಬಸುರಿಯರನ್ನು ಕೇಳುತ್ತೇವೆ: "ಮಾತ್ರೆ ನುಂಗ್ತಿದ್ದೀಯೇನಮ್ಮಾ?" "ಹೂಂ ಸಿಸ್ಟರ್" ಅಂತಾರೆ. ಮನೆಗೆ ಹೋಗಿ ನೋಡಿದರೆ ಬಿಳಿ ಮಾತ್ರೆ ಡಬ್ಬಿಯಲ್ಲಿ ಹಾಗೇ ಇರುತ್ತದೆ. "ಎಷ್ಟಂತ ನುಂಗೋದು? ಗಂಟಲಲ್ಲಿ ಇಳಿಯಲ್ಲ." ನಾವು ಬೈಯುವುದಿಲ್ಲ. ಅವರ ಮಾತಿನಲ್ಲೂ ನ್ಯಾಯವಿದೆ.

ಆ ಮಾತ್ರೆ ಕ್ಯಾಲ್ಸಿಯಂ. ಅದು ಬರೀ ಮೂಳೆಗಲ್ಲ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಬಸುರಿಯರಿಗೆ ಬಿ.ಪಿ. ಏರಿ ನಂಜಾಗುವ ಅಪಾಯವನ್ನು ಅದು ತಗ್ಗಿಸುತ್ತದೆ. ನಂಜು ಜೋರಾದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಸಂಚಕಾರ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 1,500ರಿಂದ 2,000 ಮಿಲಿಗ್ರಾಂ ಎಂದಿತ್ತು. ಅಂದರೆ ಮೂರು ನಾಲ್ಕು ಮಾತ್ರೆ!

ಇಷ್ಟು ಬೇಕೇ ಬೇಕಾ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು, ಅಮೆರಿಕದ ಹಾರ್ವರ್ಡ್ ಮತ್ತು ಆಫ್ರಿಕಾದ ಟಾಂಜಾನಿಯಾದವರ ಜೊತೆ ಸೇರಿ ಇದನ್ನು ಪರೀಕ್ಷಿಸಿದರು. ಬೆಂಗಳೂರಿನಲ್ಲಿ 11,000, ಟಾಂಜಾನಿಯಾದಲ್ಲಿ 11,000 ಚೊಚ್ಚಲ ಬಸುರಿಯರು. ಅರ್ಧ ಜನಕ್ಕೆ ದಿನಕ್ಕೆ 500, ಉಳಿದವರಿಗೆ 1,500 ಮಿಲಿಗ್ರಾಂ. 2024ರಲ್ಲಿ ಫಲಿತಾಂಶ ಬಂತು. ಬೆಂಗಳೂರಿನಲ್ಲಿ ನಂಜು ಕಂಡದ್ದು ಕಡಿಮೆ ತೆಗೆದುಕೊಂಡವರಲ್ಲಿ ನೂರಕ್ಕೆ 3, ಹೆಚ್ಚು ತೆಗೆದುಕೊಂಡವರಲ್ಲಿ 3.6. ಟಾಂಜಾನಿಯಾದಲ್ಲಿ 3 ಮತ್ತು 2.7. ನಂಜು ತಡೆಯುವುದರಲ್ಲಿ ಒಂದು ಮಾತ್ರೆಯಷ್ಟು ಕ್ಯಾಲ್ಸಿಯಂ ಮೂರರಷ್ಟಕ್ಕೆ ಸಮನಾಗಿ ನಿಂತಿತು. ದಿನ ತುಂಬುವ ಮೊದಲೇ ಆಗುವ ಹೆರಿಗೆಯ ವಿಷಯದಲ್ಲಿ ಮಾತ್ರ ಟಾಂಜಾನಿಯಾದಲ್ಲಿ ಹಾಗೆ ಹೇಳಲು ಆಗಲಿಲ್ಲ.

ಹಾಗಂತ ನೀವೇ ಮಾತ್ರೆ ಕಡಿಮೆ ಮಾಡಬೇಡಿ. ನಮ್ಮ ಸರ್ಕಾರದ ಮಾರ್ಗಸೂಚಿಯಲ್ಲಿ ಇರುವುದು ದಿನಕ್ಕೆ 500 ಮಿಲಿಗ್ರಾಮಿನ ಎರಡು ಮಾತ್ರೆ. ಕಷ್ಟವಾದರೆ ಮುಚ್ಚಿಡದೆ ಆಶಾ ಕಾರ್ಯಕರ್ತೆಗೋ ಡಾಕ್ಟರಿಗೋ ಹೇಳಿ. ಡಬ್ಬಿಯಲ್ಲಿ ಉಳಿದ ಮಾತ್ರೆ ಯಾರನ್ನೂ ಕಾಪಾಡುವುದಿಲ್ಲ. ಕ್ಯಾಲ್ಸಿಯಂ ಊಟದ ಜೊತೆ ಇರಲಿ. ಕಬ್ಬಿಣಾಂಶದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ.

ಅತ್ತೆಯಂದಿರಿಗೆ ಒಂದು ಮಾತು. ನಮ್ಮ ಕಡೆ ಮೂರು ಹೊತ್ತೂ ಅನ್ನವೇ. ಅಕ್ಕಿಯಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ರಾಗಿ, ನುಗ್ಗೆಸೊಪ್ಪು, ಮಜ್ಜಿಗೆ ಸೊಸೆಯ ತಟ್ಟೆಗೂ ಬೀಳಲಿ. ಎಲ್ಲರ ಊಟ ಆದಮೇಲೆ ಉಳಿದದ್ದಲ್ಲ, ಎಲ್ಲರ ಜೊತೆಗೇ.

ತಲೆನೋವು ಜೋರಾದರೆ, ಕಣ್ಣು ಮಂಜಾದರೆ, ಮುಖ ಊದಿದರೆ ಬೆಳಗಾಗಲಿ ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕ ತೆರೆಯುವಾಗ ಇನ್ನೊಂದು ಲೆಕ್ಕವನ್ನೂ ಕೇಳೋಣ: ನಮ್ಮ ಸಂಘದ ಮನೆಗಳಲ್ಲಿ ಯಾರು ಬಸುರಿ? ಅವಳು ಇವತ್ತು ಏನು ಉಂಡಳು?